ನಿಮಗಿದು ಗೊತ್ತೇ? ಹೇಸರಗತ್ತೆಯ ಹೊರೆಯಲ್ಲಿ ಅಳೆಯುವ ಕಾಫಿ

ಕೊಲಂಬಿಯಾದ ಬೆಳೆಗಾರನಿಗೆ ಕಾಫಿ ದರ ಎಷ್ಟೆಂದು ಕೇಳಿದರೆ ಆತ ಕಿಲೋ ಲೆಕ್ಕ ಹೇಳುವುದಿಲ್ಲ, ಒಂದು ‘ಕಾರ್ಗಾ’ಕ್ಕೆ ಇಷ್ಟು ಪೆಸೊ ಎನ್ನುತ್ತಾನೆ. ಕಾರ್ಗಾ ಎಂದರೆ ಹೊರೆ. ಹೇಸರಗತ್ತೆಯೊಂದು ಬೆನ್ನಿನ ಎರಡೂ ಬದಿಗೆ ಹೊತ್ತು ಬೆಟ್ಟ ಇಳಿಸುತ್ತಿದ್ದ 125 ಕೆ.ಜಿ. ಒಣ ಪಾರ್ಚ್‌ಮೆಂಟ್ ಅದು. ಕೊಡಗು, ಚಿಕ್ಕಮಗಳೂರಿನಲ್ಲಿ 50 ಕೆ.ಜಿ. ಚೀಲಕ್ಕೆ ದರ ಹೇಳುವ ಹಾಗೆ ಅಲ್ಲಿ ಈ ಹೊರೆಯ ಲೆಕ್ಕ.

ಜಗತ್ತಿನಲ್ಲಿ ತೊಳೆದು ಸಂಸ್ಕರಿಸಿದ ಅರೇಬಿಕಾವನ್ನು ಎಲ್ಲರಿಗಿಂತ ಹೆಚ್ಚು ಬೆಳೆಯುವ ದೇಶ ಕೊಲಂಬಿಯಾ. ಆದರೂ ದೊಡ್ಡ ಎಸ್ಟೇಟುಗಳ ನಾಡಲ್ಲ. 5 ಲಕ್ಷಕ್ಕೂ ಹೆಚ್ಚು ಕುಟುಂಬಗಳು ಬೆಳೆಯುತ್ತವೆ; ಬಹುಪಾಲು ತೋಟಗಳು 5 ಹೆಕ್ಟೇರ್ ದಾಟುವುದಿಲ್ಲ.

ಬ್ರೆಜಿಲ್‌ನ ಬಯಲು ತೋಟಗಳಲ್ಲಿ ಕೊಯ್ಲಿಗೆ ಯಂತ್ರ ಓಡುತ್ತದೆ. ಆಂಡೀಸ್‌ನ ಮೂರು ಪರ್ವತಸಾಲುಗಳಿಗೆ ಅಂಟಿಕೊಂಡ ಕೊಲಂಬಿಯಾದ ತೋಟಗಳಲ್ಲಿ ಆಳು ನೇರ ನಿಲ್ಲುವುದೇ ಕಷ್ಟ. ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು, ಹಣ್ಣಾದದ್ದನ್ನು ಮಾತ್ರ ಆರಿಸಿ ಕೈಯಲ್ಲೇ ಕೀಳಬೇಕು. ಸಮಭಾಜಕ ವೃತ್ತ ಪಕ್ಕದಲ್ಲೇ ಇರುವುದರಿಂದ ನಮ್ಮಲ್ಲಿಯಂತೆ ಒಂದೇ ಹೂಮಳೆಗೆ ತೋಟವೆಲ್ಲ ಒಮ್ಮೆಲೇ ಬೆಳ್ಳಗಾಗುವುದಿಲ್ಲ. ಹೂವು, ಕಾಯಿ, ಹಣ್ಣು ಒಂದೇ ಗಿಡದಲ್ಲಿ! ಹಾಗಾಗಿ ಹಲವು ಪ್ರದೇಶಗಳಲ್ಲಿ ವರ್ಷಕ್ಕೆ ಎರಡು ಕೊಯ್ಲು. ಚಿಕ್ಕದಕ್ಕೆ ‘ಮಿತಾಕಾ’ ಎಂದು ಹೆಸರು.

ನರ್ಸರಿಯಲ್ಲಿ ಬೀಜವನ್ನು ತಲೆಯ ಮೇಲೆ ಹೊತ್ತು ಏಳುವ ಮೊಳಕೆಗೆ ನಮ್ಮವರು ‘ಟೋಪಿ’ ಹಂತ ಎನ್ನುತ್ತಾರೆ. ಅವರಿಗೆ ಅದು ‘ಫಾಸ್ಫೊರೊ’, ಬೆಂಕಿಕಡ್ಡಿ! ಎರಡು ಎಲೆ ಬಿಚ್ಚಿಕೊಂಡ ಮೇಲೆ ಅದೇ ಸಸಿ ‘ಚಪೋಲಾ’, ಅಂದರೆ ಚಿಟ್ಟೆ. ಹಣ್ಣು ಕೊಯ್ಯುವ ಹೆಣ್ಣುಮಕ್ಕಳಿಗೆ ‘ಚಪೊಲೆರಾ’ ಎನ್ನುತ್ತಾರೆ. ಇಷ್ಟು ಚೆಂದದ ಹೆಸರು ಇನ್ನಾವ ತೋಟದ ಕೆಲಸಕ್ಕಾದರೂ ಇದೆಯೇ?

ಪಲ್ಪಿಂಗ್ ಬಹುತೇಕ ಬೆಳೆಗಾರನ ಮನೆಯ ಪಕ್ಕದಲ್ಲೇ ನಡೆಯುತ್ತದೆ. ಕೊಯ್ದ ದಿನವೇ ಸಿಪ್ಪೆ ಬಿಡಿಸಿ, ಬೀಜವನ್ನು ತೊಟ್ಟಿಯಲ್ಲಿ ರಾತ್ರಿಯಿಡೀ ಹುಳಿಯಲು ಬಿಡುತ್ತಾರೆ. ಬೆಳಗ್ಗೆ ರಾಶಿಯೊಳಗೆ ಕೋಲು ಇಳಿಸಿ ಎಳೆದಾಗ ತೂತು ಮುಚ್ಚಿಕೊಳ್ಳದೆ ಹಾಗೇ ನಿಂತರೆ ಅಂಟು ಬಿಟ್ಟಿದೆ ಎಂದರ್ಥ. ಹಿಡಿಯಷ್ಟು ಬೀಜ ತೆಗೆದು ಉಜ್ಜಿದರೆ ಲೋಳೆ ಹೋಗಿ ಮರಳಿನಂತೆ ಸರಸರ ಎನ್ನಬೇಕು. ಆಮೇಲೆ ತೊಳೆದು ಒಣಗಿಸುವುದು. ಇಳಿಜಾರಿನಲ್ಲಿ ಕಣಕ್ಕೆ ಜಾಗವೆಲ್ಲಿ? ಅದಕ್ಕೇ ಮನೆಯ ಅಟ್ಟವೇ ಕಣ. ಅದರ ಮೇಲಿನ ತಗಡಿನ ಮಾಡು ಹಳಿಯ ಮೇಲೆ ಜಾರುತ್ತದೆ. ಬಿಸಿಲಿಗೆ ಪಕ್ಕಕ್ಕೆ ತಳ್ಳುವುದು, ಮೋಡ ಕವಿದರೆ ಓಡಿಬಂದು ಎಳೆದುಕೊಳ್ಳುವುದು. ಮಳೆ ಕಂಡೊಡನೆ ತಾಡಪಾಲು ಹಿಡಿದು ಓಡಿದವರಿಗೆಲ್ಲ ಆ ಧಾವಂತ ಗೊತ್ತು.

ಬೆಳೆಗಾರರ ರಾಷ್ಟ್ರೀಯ ಒಕ್ಕೂಟ ಹುಟ್ಟಿದ್ದು 1927ರಲ್ಲಿ. ಅದರ ದೊಡ್ಡ ಭರವಸೆ ಖರೀದಿಯದು. ವರ್ಷದ ಯಾವ ದಿನ ಪಾರ್ಚ್‌ಮೆಂಟ್ ತಂದರೂ ಅಂದಿನ ಮಾರುಕಟ್ಟೆ ದರಕ್ಕೆ ಕೊಂಡು ನಗದು ಕೊಡಬೇಕು. ದರ ಬೀಳುವುದನ್ನು ಇದು ತಡೆಯಲಾರದು, ನಿಜ. ಆದರೆ ಕೊಳ್ಳುವವರಿಲ್ಲದೆ ಚೀಲ ಹೊತ್ತು ಮನೆಗೆ ಮರಳುವ ಸಂಕಟವಂತೂ ಇಲ್ಲ. ಸಣ್ಣ ಹಿಡುವಳಿದಾರನಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೇನು ಬೇಕು?

ಕೊಲಂಬಿಯಾ ಕಾಫಿಯ ಜಾಹೀರಾತುಗಳಲ್ಲಿ ಕಂಬಳಿ ಹೊದ್ದು, ಮೀಸೆ ಬಿಟ್ಟು, ಕೊಂಚಿತಾ ಎಂಬ ಹೇಸರಗತ್ತೆಯ ಜತೆ ನಿಂತ ಹುವಾನ್ ವಾಲ್ಡೆಜ್ ನಿಜವಾದ ರೈತನಲ್ಲ. 1959ರಲ್ಲಿ ಒಕ್ಕೂಟಕ್ಕಾಗಿ ನ್ಯೂಯಾರ್ಕ್‌ನ ಜಾಹೀರಾತು ಸಂಸ್ಥೆಯೊಂದು ಸೃಷ್ಟಿಸಿದ ಪಾತ್ರ. 1969ರಿಂದ 2006ರವರೆಗೆ ಆ ವೇಷ ತೊಟ್ಟವರು ಕಾರ್ಲೋಸ್ ಸಾಂಚೆಜ್.

ಎಲೆ ತುಕ್ಕು ರೋಗ ಕೊಲಂಬಿಯಾವನ್ನು ಮುಟ್ಟಿದ್ದು 1983ರಲ್ಲಿ. ಚಿಂಚಿನಾ ಊರಿನ ‘ಸೆನಿಕಾಫೆ’ ಸಂಶೋಧನಾ ಕೇಂದ್ರ ಅದಕ್ಕೂ ಮೊದಲೇ ನಿರೋಧಕ ತಳಿ ಸಿದ್ಧಮಾಡಿಟ್ಟಿತ್ತು. ಆದರೂ ಹಳೆಯ ಗಿಡ ಕಿತ್ತು ಹೊಸದು ನೆಡಲು ಯಾರಿಗೆ ಮನಸ್ಸು ಬರುತ್ತದೆ? 2008ರ ನಂತರ ಮಳೆ ಜಾಸ್ತಿಯಾಗಿ ತುಕ್ಕು ಉಲ್ಬಣಿಸಿತು. 2007ರಲ್ಲಿ 126 ಲಕ್ಷ ಚೀಲವಿದ್ದ ಫಸಲು 2012ರಲ್ಲಿ 77 ಲಕ್ಷಕ್ಕೆ ಕುಸಿಯಿತು (60 ಕೆ.ಜಿ. ಚೀಲ). ಆಗ ಕೈಹಿಡಿದ ತಳಿಗಳಲ್ಲಿ 2005ರ ‘ಕಾಸ್ಟಿಯೊ’ ಮುಖ್ಯವಾದದ್ದು. ಇದು ಕಟುರ್ರಾ ಮತ್ತು ತಿಮೋರ್ ದ್ವೀಪದ ಹೈಬ್ರಿಡ್ ಸೇರಿ ಹುಟ್ಟಿದ್ದು. ಕರ್ನಾಟಕದ ತೋಟಗಳ ‘ಕಾವೇರಿ’ ತಳಿಯ ಮೂಲವೂ ಇದೇ ಜೋಡಿ. ದೂರದ ನೆಂಟಸ್ತಿಕೆಯೇನಲ್ಲ, ಒಂದೇ ಮನೆತನ!

ಲೋಕದ ಲೆಕ್ಕದ ಚೀಲ 60 ಕೆ.ಜಿ.ಯದಾದರೆ ಕೊಲಂಬಿಯಾದ ರಫ್ತು ಚೀಲ 70 ಕೆ.ಜಿ. ‘ಸುಪ್ರೆಮೊ’, ‘ಎಕ್ಸೆಲ್ಸೊ’ ಎಂಬವು ತಳಿಗಳಲ್ಲ, ಜರಡಿ ಹೇಳುವ ಬೀಜದ ಗಾತ್ರ.

2007ರಲ್ಲಿ ‘ಕೆಫೆ ದೆ ಕೊಲಂಬಿಯಾ’ ಐರೋಪ್ಯ ಒಕ್ಕೂಟದ ಭೌಗೋಳಿಕ ಸೂಚ್ಯಂಕ ಪಡೆಯಿತು. ಯುರೋಪಿನ ಹೊರಗಿನ ಆಹಾರೋತ್ಪನ್ನವೊಂದಕ್ಕೆ ಅದೇ ಮೊದಲು. 2011ರಲ್ಲಿ ಅಲ್ಲಿನ ಕಾಫಿ ಬೆಟ್ಟಗಳು ಯುನೆಸ್ಕೊ ಪಟ್ಟಿ ಸೇರಿದವು.

ಕಿಂದಿಯೊ ಪ್ರಾಂತ್ಯದಲ್ಲಿ ಹೇಸರಗತ್ತೆಯ ಹೊರೆಯನ್ನು ಹಂಚಿಕೊಂಡದ್ದು ಎರಡನೇ ಮಹಾಯುದ್ಧದ ನಂತರ ಬಂದ ವಿಲ್ಲೀಸ್ ಜೀಪು. ಮೂಟೆ, ಬಾಳೆಗೊನೆ, ಮಂಚ, ಕುರ್ಚಿಗಳನ್ನೆಲ್ಲ ಗೋಪುರದಂತೆ ಪೇರಿಸಿ ಮೆರವಣಿಗೆ ಹೊರಡುವ ‘ಯಿಪಾವೊ’ ಈಗ ಅಲ್ಲಿನ ಹಬ್ಬ.

ಇಷ್ಟೆಲ್ಲ ಆರಿಸಿದ ಮೇಲೆ ಒಳ್ಳೆಯ ಬೀಜ ಬಹುಕಾಲ ಬ್ಯುನಾವೆಂತುರಾ, ಕಾರ್ತಾಹೇನಾ ಬಂದರುಗಳಿಂದ ಹಡಗೇರುತ್ತಿತ್ತು. ಊರಿನವರಿಗೆ ಉಳಿಯುತ್ತಿದ್ದದ್ದು ‘ಪಸೀಯಾ’ ಎಂಬ ಒಡಕು, ಕಂದು ಬೀಜ. ಅದನ್ನೇ ಅವರು ‘ಪನೇಲಾ’ ಕರಗಿಸಿದ ನೀರಿಗೆ ಹಾಕಿ ಕುದಿಸಿ, ಹಾಲಿಲ್ಲದ ‘ತಿಂತೊ’ ಮಾಡಿ ಕುಡಿದರು, ಈಗಲೂ ಕುಡಿಯುತ್ತಾರೆ. ಪನೇಲಾ ಅಂದರೆ ಬೇರೇನಲ್ಲ, ಕಬ್ಬಿನ ಬೆಲ್ಲ. ಮಲೆನಾಡಿನ ಒಲೆಯ ಮೇಲೆ ಕುದಿಯುವ ಬೆಲ್ಲದ ಕಾಫಿಯೂ ಅದೇ.