ಬಿಡಿಭಾಗ ಸಿಗದ ಪಿಸ್ತೂಲು, ಬಿಡಲಾಗದ ಪರವಾನಗಿ

ಬೆಳಗಾವಿ ಸೀಮೆಗೂ ಬಂದೂಕಿಗೂ ಇರುವ ನಂಟು ಹಳೆಯದು. 1824ರಲ್ಲಿ ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಗುಂಡಿಗೆ ಬಲಿಯಾದ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಬ್ರಿಟಿಷರ ಆಜ್ಞೆಯನ್ನು ಧಿಕ್ಕರಿಸಿ ನೆರೆಯ ಮುಧೋಳ ಸೀಮೆಯ ಹಲಗಲಿ ಬೇಡರು ಬಂಡೆದ್ದರು. ಇಂದು ಆಯುಧದ ಪ್ರಶ್ನೆ ಅಷ್ಟು ವೀರೋಚಿತವಾದುದಲ್ಲ. ಅಜ್ಜನ ಕಾಲದ ಪುಟ್ಟ ಪಿಸ್ತೂಲೊಂದು ಕಪಾಟಿನಲ್ಲಿದೆ; ಅದರ ಸ್ಪ್ರಿಂಗ್ ಸೋತಿದೆ, ಮ್ಯಾಗಜೀನ್ ಸವೆದಿದೆ. ಅದನ್ನು ಏನು ಮಾಡಬೇಕು?

ಖಾನಾಪುರದ ಕಾಡಂಚಿನ ರೈತ ಬೆಳೆ ರಕ್ಷಣೆಗೆಂದು ಇಟ್ಟುಕೊಳ್ಳುವ ಬಂದೂಕಿನ ಮಾತು ಬೇರೆ. ಭೀಮಗಡದ ಸುತ್ತಲಿನ ಹಂದಿ, ಕಾಡುಕೋಣಗಳ ಹಾವಳಿಯಲ್ಲಿ ಅದಕ್ಕೆ ಉಪಯೋಗವಿದೆ, ನಿಗಾ ಇದೆ. ಕಿಸೆ ಪಿಸ್ತೂಲಿಗೆ ಎರಡೂ ಇಲ್ಲ. ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ಅಂಡ್ ಸ್ಕಾಟ್, ಬೆಲ್ಜಿಯಂನ ಎಫ್‌ಎನ್, ಅಮೆರಿಕದ ಕೋಲ್ಟ್ ಕಂಪನಿಗಳು ಕಳೆದ ಶತಮಾನದ ಮೊದಲ ದಶಕದಲ್ಲಿ ತಯಾರಿಸತೊಡಗಿದ .25 ಮತ್ತು .32 ಬೋರಿನ ಆಯುಧಗಳಿವು. ಕೋಲ್ಟ್‌ನ 1903ರ ಕಿಸೆ ಪಿಸ್ತೂಲಿನ ತಯಾರಿಕೆ 1945ರ ಹೊತ್ತಿಗೆ ನಿಂತಿತು. ವೆಬ್ಲಿ 1979ರಲ್ಲಿ ಬಂದೂಕು ತಯಾರಿಕೆಯನ್ನೇ ಬಿಟ್ಟಿತು. ತಯಾರಕನೇ ಕೈಬಿಟ್ಟ ಮೇಲೆ ಬಿಡಿಭಾಗ ಎಲ್ಲಿಂದ ಬರಬೇಕು? ಸಿಕ್ಕರೂ ಕೂಡುವ ಭರವಸೆಯಿಲ್ಲ. ಆ ಕಾಲದ ಭಾಗಗಳನ್ನು ಅರದಿಂದ ಉಜ್ಜಿ ಕೈಯಲ್ಲೇ ಹೊಂದಿಸುತ್ತಿದ್ದುದರಿಂದ, ಅದೇ ಮಾದರಿಯ ಇನ್ನೊಂದು ಪಿಸ್ತೂಲಿನ ತುಣುಕು ಇದಕ್ಕೆ ಸರಿಹೊಂದದೆ ಹೋಗಬಹುದು.

ಬೆಳಗಾವಿಯ ಉದ್ಯಮಬಾಗದಲ್ಲಿ ಲೇಥ್ ಹಿಡಿದ ನುರಿತ ಕೈಗಳಿಗೆ ಬರವಿಲ್ಲ. ಒಂದು ಫೈರಿಂಗ್ ಪಿನ್ ತಿರುವಿಕೊಡುವುದು ಅವರಿಗೆ ಕಷ್ಟದ ಕೆಲಸವೂ ಅಲ್ಲ. ಆದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಯಲ್ಲಿ ಆಯುಧದ ಬಿಡಿಭಾಗವೂ ಆಯುಧವೇ. ಕಾಯ್ದೆಯ 5ನೇ ಕಲಮಿನಂತೆ ತಯಾರಿಕೆಗೆ ಮಾತ್ರವಲ್ಲ, ದುರಸ್ತಿಯ ದಂಧೆಗೂ ಪರವಾನಗಿ ಬೇಕು. ಅದನ್ನು ಮೀರಿದವರಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ.

ಒಂದು ಪಿನ್ನಿಗೆ ಏಳು ವರ್ಷವೇ ಎಂದು ಹುಬ್ಬೇರಿಸುವವರು ನಮ್ಮ ಭಾಗದ ಇತ್ತೀಚಿನ ಚರಿತ್ರೆಯನ್ನು ನೆನೆಯಬೇಕು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತರಾದರು. ಎರಡೂ ಹತ್ಯೆಗಳಲ್ಲಿ ಬಳಕೆಯಾದದ್ದು 7.65 ಮಿ.ಮೀ. ನಾಡ ಪಿಸ್ತೂಲು ಎಂದು ತನಿಖಾ ತಂಡ ಹೇಳಿತು. 7.65 ಎಂದರೆ ಇದೇ ಹಳೆಯ .32 ಬೋರು. ಬಿಡಿಭಾಗದ ಮುಕ್ತ ಮಾರುಕಟ್ಟೆ ಎಂದರೆ ನಾಡ ಪಿಸ್ತೂಲಿನ ಮುಕ್ತ ಮಾರುಕಟ್ಟೆಯೇ ಆದೀತು. ಆದ್ದರಿಂದ ಕಾನೂನನ್ನು ಸಡಿಲಿಸಿ ಎಂಬುದು ನನ್ನ ವಾದವಲ್ಲ. ಬಾಗಿಲು ಮುಚ್ಚುವ ಸರ್ಕಾರ ನಿಯತ್ತಿನ ಪರವಾನಗಿದಾರನಿಗೆ ಒಂದು ಕಿಂಡಿಯನ್ನಾದರೂ ತೆರೆದಿಡಬೇಕು ಎಂಬುದಷ್ಟೇ.

ಇಲ್ಲಿ ಅರ್ಥಶಾಸ್ತ್ರದ ಒಂದು ಸರಳ ಪಾಠವೂ ಇದೆ. 1980ರ ದಶಕದಲ್ಲಿ ಖಾಸಗಿ ಆಮದಿಗೆ ಕಡಿವಾಣ ಬಿದ್ದ ಮೇಲೆ ಹಳೆಯ ವಿದೇಶಿ ಪಿಸ್ತೂಲಿಗೆ ಏರಿದ ಬೆಲೆ ಗುಣದ ಬೆಲೆಯಲ್ಲ, ಅಭಾವದ ಬೆಲೆ. ಆ ಬೆಲೆಯ ಭ್ರಮೆಯಿಂದ ವಾರಸುದಾರರು ಕೆಟ್ಟ ಆಯುಧವನ್ನೂ ಬಿಟ್ಟುಕೊಡಲೊಲ್ಲರು. 2016ರ ನಿಯಮಗಳ ಪ್ರಕಾರ, ಪರವಾನಗಿದಾರ ತೀರಿಕೊಂಡ ಮೇಲೆ, ಅಥವಾ ಆತನಿಗೆ ಎಪ್ಪತ್ತು ವರ್ಷ ತುಂಬಿದಾಗ ಇಲ್ಲವೆ ಆಯುಧ ಅವನ ಬಳಿ ಇಪ್ಪತ್ತೈದು ವರ್ಷ ಇದ್ದಾಗ, ವಾರಸುದಾರರಿಗೆ ಪರವಾನಗಿ ನೀಡಬಹುದು. 2019ರ ತಿದ್ದುಪಡಿಯು ಒಬ್ಬರ ಬಳಿ ಇರಬಹುದಾದ ಆಯುಧಗಳ ಮಿತಿಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಪಿತ್ರಾರ್ಜಿತ ಆಯುಧಕ್ಕೂ ಇದರಿಂದ ವಿನಾಯಿತಿಯಿಲ್ಲ. ಹೀಗೆ ಕಾಗದ ಒಂದು ಕೈಯಿಂದ ಇನ್ನೊಂದಕ್ಕೆ ಸಾಗುತ್ತದೆ. ಕಬ್ಬಿಣ ಮಾತ್ರ ಇದ್ದಲ್ಲೇ ತುಕ್ಕು ಹಿಡಿಯುತ್ತದೆ.

ಕೆಟ್ಟ ಪಿಸ್ತೂಲು ನಿರಪಾಯಕಾರಿ ಎಂಬ ನಂಬಿಕೆಯೂ ತಪ್ಪು. ಸವೆದ ಸುರಕ್ಷಾ ಕೀಲಿ ಕೈಕೊಡಬಹುದು. ಮ್ಯಾಗಜೀನ್ ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಗುವುದಿಲ್ಲ. ನಳಿಕೆಯ ಬುಡದಲ್ಲಿ ಒಂದು ಗುಂಡು ಉಳಿದಿರಬಹುದು. ಮನೆಯ ಮೇಜಿನ ಮೇಲೆ ಅದನ್ನು ಬಿಚ್ಚಲು ಕೂರುವ ಉತ್ಸಾಹಿಗಳು ಇದನ್ನು ಮರೆಯುತ್ತಾರೆ.

ಮಾಡಬಹುದಾದದ್ದು ಮೂರು. ಮೊದಲನೆಯದು, ಐದು ವರ್ಷಕ್ಕೊಮ್ಮೆ ಪರವಾನಗಿ ನವೀಕರಿಸುವಾಗ ಕಾಗದದ ಜೊತೆಗೆ ಆಯುಧವನ್ನೂ ಪೊಲೀಸ್ ಇಲಾಖೆಯ ಶಸ್ತ್ರ ತಜ್ಞರು ಪರಿಶೀಲಿಸಿ, ಬಳಕೆಗೆ ಯೋಗ್ಯವೇ ಎಂದು ಬರೆದುಕೊಡಲಿ. ನಗರದಲ್ಲಿ ಪೊಲೀಸ್ ಆಯುಕ್ತರ ಕಚೇರಿ, ಖಾನಾಪುರದಂಥ ತಾಲ್ಲೂಕುಗಳಿಗೆ ಜಿಲ್ಲಾಡಳಿತ ಇದಕ್ಕೆ ದಿನ ಗೊತ್ತುಮಾಡಬಹುದು. ಎರಡನೆಯದು, ಸರ್ಕಾರಕ್ಕೆ ಒಪ್ಪಿಸಿದ ಹಳೆಯ ಪಿಸ್ತೂಲುಗಳನ್ನು ಕಳಚಿ, ಉಪಯುಕ್ತ ಭಾಗಗಳನ್ನು ಲೆಕ್ಕವಿಟ್ಟು ಪರವಾನಗಿ ಪಡೆದ ದುರಸ್ತಿಗಾರರಿಗೆ ಮಾತ್ರ ಒದಗಿಸಲಿ. ಸವೆದ ಭಾಗ ಮರಳಿ ಬಂದರೆ ಮಾತ್ರ ಹೊಸದು ಹೊರಹೋಗಲಿ. ಮೂರನೆಯದು, ದುರಸ್ತಿಗೆ ಮೀರಿದ್ದನ್ನು ಶಾಶ್ವತವಾಗಿ ನಿಷ್ಕ್ರಿಯಗೊಳಿಸಿ, ಪ್ರಮಾಣಪತ್ರದೊಂದಿಗೆ ಮನೆಯವರಿಗೆ ನೆನಪಿನ ವಸ್ತುವಾಗಿ ಮರಳಿಸುವ ಸೌಲಭ್ಯ ಜಿಲ್ಲಾ ಮಟ್ಟದಲ್ಲೇ ಸಿಗಲಿ.

ಅಜ್ಜನ ನೆನಪು ಉಳಿಯಬೇಕೆಂದು ಬಯಸುವುದು ಸಹಜ. ಆ ನೆನಪಿಗೆ ಗುಂಡು ಹಾರಿಸುವ ಶಕ್ತಿ ಇರಲೇಬೇಕೆಂದೇನೂ ಇಲ್ಲ.