ಹೈಸ್ಕೂಲಿನಲ್ಲೇ ಗಳಿಸುವ ಕಾಲೇಜು ಕ್ರೆಡಿಟ್ಟುಗಳೂ ವೈದ್ಯಕೀಯ ಪ್ರವೇಶವೂ

ನಮ್ಮ ಶಾಲೆಯಲ್ಲಿ ಓದಿ ಈಗ ಅಮೇರಿಕಾ ದೇಶದಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು, ತಮ್ಮ ಹೆಣ್ಣುಮಕ್ಕಳು ವೈದ್ಯರಾಗಬೇಕೆಂಬ ಹಂಬಲದಿಂದ, ಅವರಿಗೆ ಹೈಸ್ಕೂಲಿನಲ್ಲಿಯೇ ಕಾಲೇಜಿನ ಪಾಠಗಳನ್ನು ಓದಿಸುವುದು ಲೇಸೇ ಎಂದು ನಮ್ಮನ್ನು ಕೇಳುವುದುಂಟು. ಈ ವಿಷಯದಲ್ಲಿ ತಿಳಿಯತಕ್ಕ ಸಂಗತಿಗಳನ್ನು ಸಂಗ್ರಹವಾಗಿ ಹೇಳುತ್ತೇವೆ.

ನಮ್ಮ ದೇಶದಲ್ಲಿ ಪಿ.ಯು.ಸಿ. ಮುಗಿಸಿ ನೀಟ್ ಪರೀಕ್ಷೆಯಲ್ಲಿ ತಕ್ಕ ಸ್ಥಾನ ಪಡೆದವರು ನೆಟ್ಟಗೆ ಎಂ.ಬಿ.ಬಿ.ಎಸ್. ತರಗತಿಯನ್ನು ಸೇರುವರು. ಅಮೇರಿಕಾದಲ್ಲಿಯಾದರೋ ಸಾಧಾರಣವಾಗಿ ನಾಲ್ಕು ವರ್ಷ ಕಾಲೇಜಿನಲ್ಲಿ ಓದಿ, ಎಂಕ್ಯಾಟ್ ಎಂಬ ಪರೀಕ್ಷೆಗೆ ಕುಳಿತು, ವೈದ್ಯಕೀಯ ಶಾಲೆಗಳಿಗೆ ಅರ್ಜಿ ಹಾಕತಕ್ಕದ್ದು. ಆದಕಾರಣ ಕಾಲೇಜಿನಲ್ಲಿ ಪಡೆದ ದರ್ಜೆಗಳಿಗೆ ಅಲ್ಲಿ ಬಹಳ ಬೆಲೆಯುಂಟು.

ಮುಂಚಿತವಾಗಿ ಕ್ರೆಡಿಟ್ಟು ಗಳಿಸುವ ದಾರಿಗಳು ಮುಖ್ಯವಾಗಿ ಎರಡು. ಮೊದಲನೆಯದು ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್. ಇದರಲ್ಲಿ ಹೈಸ್ಕೂಲಿನ ಉಪಾಧ್ಯಾಯರೇ ಪಾಠ ಹೇಳುವರು. ಮೇ ತಿಂಗಳಲ್ಲಿ ಕಾಲೇಜ್ ಬೋರ್ಡಿನವರು ಪರೀಕ್ಷೆ ನಡೆಸಿ 1ರಿಂದ 5ರವರೆಗೆ ಅಂಕ ಕೊಡುವರು. ಒಳ್ಳೆಯ ಅಂಕ ಬಂದರೆ ಅನೇಕ ಕಾಲೇಜುಗಳು ಕ್ರೆಡಿಟ್ಟು ಕೊಡುತ್ತವೆ. ಆದರೆ ಆ ಅಂಕವು ಕಾಲೇಜಿನ ದರ್ಜೆಗಳ ಸರಾಸರಿಯಲ್ಲಿ ಸೇರುವುದಿಲ್ಲ. ಎರಡನೆಯದು ಡ್ಯುಯಲ್ ಎನ್‌ರೋಲ್‌ಮೆಂಟ್. ಹುಡುಗಿಯು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನಲ್ಲಿಯೂ ಹೆಸರು ದಾಖಲಿಸಿಕೊಂಡು ಓದುವಳು. ಇಲ್ಲಿ ಪಡೆದದ್ದು ನಿಜವಾದ ಕಾಲೇಜು ದರ್ಜೆ. ಅದು ದಾಖಲೆಯಲ್ಲಿ ನಿಂತುಬಿಡುವುದು.

ಈ ಭೇದವನ್ನು ಪೋಷಕರು ಚೆನ್ನಾಗಿ ಗಮನಿಸಬೇಕು. ಯಾಕಂದರೆ ಅಲ್ಲಿಯ ಬಹುಪಾಲು ಎಂ.ಡಿ. ಶಾಲೆಗಳಿಗೆ ಅರ್ಜಿಗಳನ್ನು ಕಳುಹಿಸುವ ಆಮ್ಕಾಸ್ ಎಂಬ ಸಂಸ್ಥೆಯು, ಅಭ್ಯರ್ಥಿಯು ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಪಾಠಗಳ ದಾಖಲೆಯನ್ನೂ ಕೇಳಿ, ಆ ದರ್ಜೆಗಳನ್ನು ಸರಾಸರಿಯಲ್ಲಿ ಸೇರಿಸುತ್ತದೆ. ಅದೇ ಪಾಠವನ್ನು ಮತ್ತೆ ಓದಿದರೂ ಎರಡು ದರ್ಜೆಗಳೂ ಲೆಕ್ಕಕ್ಕೆ ಬರುವವು. ಮೂರು ಕ್ರೆಡಿಟ್ಟಿನ ರಸಾಯನಶಾಸ್ತ್ರದಲ್ಲಿ ಮೊದಲು 'ಸಿ', ಅಂದರೆ 2.0, ಮರಳಿ ಓದಿದಾಗ 'ಎ', ಅಂದರೆ 4.0 ಬಂದರೆ, ಅವೆರಡರ ಸರಾಸರಿ 3.0 ಮಾತ್ರ. ಹದಿನಾರನೆಯ ವಯಸ್ಸಿನ ಆತುರಕ್ಕೆ ಇಪ್ಪತ್ತೊಂದನೆಯ ವಯಸ್ಸಿನಲ್ಲಿ ಉತ್ತರ ಹೇಳಬೇಕಾಗುವುದು.

ಮತ್ತೊಂದು ಸಂಗತಿಯೂ ಉಂಟು. ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರಗಳಲ್ಲಿ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಕ್ರೆಡಿಟ್ಟನ್ನು ಕೆಲವು ವೈದ್ಯಕೀಯ ಶಾಲೆಗಳು ಒಪ್ಪುವವು. ಕೆಲವು, ಅದೇ ವಿಷಯದಲ್ಲಿ ಮೇಲಿನ ತರಗತಿಯ ಪಾಠವನ್ನು ಕಾಲೇಜಿನಲ್ಲಿ ಓದಿದ್ದರೆ ಮಾತ್ರ ಒಪ್ಪುವವು. ಕೆಲವು ಒಪ್ಪುವುದೇ ಇಲ್ಲ. ಆದುದರಿಂದ ಸೇರಬಯಸುವ ಶಾಲೆಗಳ ನಿಯಮಗಳನ್ನು ಮೊದಲೇ ಓದಿ ನೋಡುವುದು ಅವಶ್ಯ.

ಈ ಕ್ರೆಡಿಟ್ಟುಗಳಿಂದ ಪ್ರಯೋಜನವಿಲ್ಲವೆಂದು ನಾವು ಹೇಳುವುದಿಲ್ಲ. ಕಾಲೇಜಿನ ಶುಲ್ಕ ಉಳಿಯಬಹುದು. ಮೇಲಿನ ಪಾಠಗಳಿಗೂ ರೋಗಿಗಳ ಸೇವೆಗೂ ಬಿಡುವು ದೊರೆಯಬಹುದು. ಆದರೆ ರಸಾಯನಶಾಸ್ತ್ರದ ತಳಹದಿ ಸಡಿಲವಾಗಿರುವ ಹುಡುಗಿಯು ಮೊದಲ ವರ್ಷದ ಪಾಠವನ್ನು ದಾಟಿಬಿಟ್ಟರೆ, ಮುಂದಿನ ಪಾಠಗಳಲ್ಲಿ ಎಡವುವಳು. ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸುವುದು ಬೇಡ. ಮಗಳು ಹೈಸ್ಕೂಲಿನ ಪಾಠವನ್ನು ಚೆನ್ನಾಗಿ ಅರಗಿಸಿಕೊಂಡಿದ್ದಾಳೆಯೇ, ಹೆಚ್ಚಿನ ಭಾರವನ್ನು ಅವಳೇ ಬಯಸುತ್ತಾಳೆಯೇ ಎಂಬುದನ್ನು ಅವಳ ಉಪಾಧ್ಯಾಯರೊಡನೆ ವಿಚಾರಿಸಿ, ಅನಂತರ ನಿಶ್ಚಯಿಸಬೇಕೆಂದು ತಾಯಿತಂದೆಗಳನ್ನು ಬೇಡಿಕೊಳ್ಳುತ್ತೇವೆ.