ಪುಸ್ತಕ ಮನೆಗೆ ಬಂದ ದಾರಿ

ಬೆಂಗಳೂರಿನ ಗಂಗಾರಾಮ್ಸ್ ಪುಸ್ತಕದಂಗಡಿಯ ಹೊರಗೆ ಇಬ್ಬರು ಯುವಕರು ನಿಂತು, ಒಳಗಿನಿಂದ ಬಂದವರ ಕೈಗೆಲ್ಲ ಬುಕ್‌ಮಾರ್ಕ್ ಕೊಡುತ್ತಿದ್ದ ಕಾಲವೊಂದಿತ್ತು. ಅದರ ಮೇಲೆ ಆಗಿನ್ನೂ ಯಾರೂ ಕೇಳಿರದ ಹೆಸರು: ಫ್ಲಿಪ್‌ಕಾರ್ಟ್. ಯುವಕರು ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್. ಅಮೆಜಾನ್‌ನ ಬೆಂಗಳೂರು ಕಚೇರಿಯ ಕೆಲಸ ಬಿಟ್ಟು, 2007ರ ಅಕ್ಟೋಬರಿನಲ್ಲಿ ಕೋರಮಂಗಲದಲ್ಲಿ ತಮ್ಮ ಕೈಯ ಕಾಸು ಹಾಕಿ ವ್ಯಾಪಾರ ಶುರುಮಾಡಿದ್ದರು. ಗಿರಾಕಿಗಳನ್ನು ಹುಡುಕಲು ಪುಸ್ತಕದಂಗಡಿಯ ಬಾಗಿಲಿಗಿಂತ ಒಳ್ಳೆಯ ಜಾಗ ಬೇರೆ ಯಾವುದಿದ್ದೀತು? ಓದುವ ಚಟ ಇದ್ದವರನ್ನು ಅಂಗಡಿಯೇ ಆರಿಸಿ ಹೊರಗೆ ಕಳಿಸುತ್ತಿತ್ತು.

ಅವರು ಪುಸ್ತಕವನ್ನೇ ಆರಿಸಿಕೊಂಡದ್ದಕ್ಕೆ ಕಾರಣಗಳಿದ್ದವು. ಪುಸ್ತಕ ಹಳಸುವುದಿಲ್ಲ, ಅಂಗಿಯ ಹಾಗೆ ಅಳತೆ ತಪ್ಪುವುದಿಲ್ಲ. ಐಎಸ್‌ಬಿಎನ್ ಸಂಖ್ಯೆ ಒಂದೇ ಆದರೆ ಮಾಲೂ ಒಂದೇ. ಇನ್ನೂರು ಮುನ್ನೂರು ರೂಪಾಯಿಯ ಮಾಲಾದ್ದರಿಂದ ಮೋಸಹೋದರೂ ಗಿರಾಕಿ ಮುಳುಗುವುದಿಲ್ಲ. ಮೇಲಾಗಿ, ಎಷ್ಟು ದೊಡ್ಡ ಅಂಗಡಿಯಾದರೂ ಎಲ್ಲ ಪುಸ್ತಕಗಳನ್ನು ಇಟ್ಟುಕೊಳ್ಳಲಾರದು. ಆರ್ಡರ್ ಬಂದ ಮೇಲೆ ವಿತರಕರಿಂದ ತರಿಸಿ ಕಳಿಸುವವನಿಗೆ ಕಪಾಟಿನ ಹಂಗೇ ಇಲ್ಲ.

2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ ಫ್ಲಿಪ್‌ಕಾರ್ಟ್ ಕಂಪನಿಯ ಶೇ 77ರಷ್ಟು ಪಾಲನ್ನು 1,600 ಕೋಟಿ ಡಾಲರ್ ಕೊಟ್ಟು ಕೊಂಡಿತು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಹೇಳುವುದು ಹೀಗೆ: ಮೊದಲು ಅಂಗಡಿ ಇತ್ತು, ಆಮೇಲೆ ಆನ್‌ಲೈನ್ ಬಂತು, ಅಂಗಡಿ ಸೊರಗಿತು. ಕನ್ನಡ ಪುಸ್ತಕದ ಚರಿತ್ರೆ ಮಾತ್ರ ಈ ಸಾಲಿಗೆ ಸರಿಯಾಗಿ ಕೂರುವುದಿಲ್ಲ. ಇಲ್ಲಿ ಪುಸ್ತಕ ಓದುಗನ ಮನೆ ಹುಡುಕಿಕೊಂಡು ಹೋಗಲು ಶುರುಮಾಡಿ ನೂರು ವರ್ಷಕ್ಕೂ ಮೇಲಾಯಿತು.

ಗಂಟು, ವಿಪಿಪಿ, ಚಂದಾ

ಕನ್ನಡ ಕಾದಂಬರಿಯ ಪಿತಾಮಹ ಎಂದು ಹೆಸರಾದ ಗಳಗನಾಥರು (1869–1942) ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಹಾವೇರಿ ಸೀಮೆಯ ಈ ಶಾಲಾ ಮಾಸ್ತರರಿಗೆ ಬೇರೆ ದಾರಿಯೂ ಇರಲಿಲ್ಲ. ಓದು ಬಲ್ಲವರು ಹಳ್ಳಿಗೊಬ್ಬರು ಇಬ್ಬರು. ಅವರಿಗಾಗಿ ಯಾರೂ ಅಂಗಡಿ ಹಾಕಿ ಕೂರುವುದಿಲ್ಲ. ಹೊತ್ತು ತಂದವರಿಂದ ಪುಸ್ತಕ ಕೊಂಡವನಿಗೆ ಕಥೆಯ ಜೊತೆಗೆ ಲೇಖಕನ ಮುಖಪರಿಚಯವೂ ಸಿಗುತ್ತಿತ್ತು.

ತಿರುಗುವ ಕೆಲಸವನ್ನು ಅಂಚೆ ಇಲಾಖೆ ಹಗುರ ಮಾಡಿತು. 1877ರಲ್ಲಿ ಭಾರತದಲ್ಲಿ ವಿಪಿಪಿ (ವ್ಯಾಲ್ಯೂ ಪೇಯಬಲ್ ಪೋಸ್ಟ್) ಬಂತು. ಓದುಗ ಒಂದು ಕಾರ್ಡು ಬರೆದು ಹಾಕಿದರೆ ಸಾಕು. ಪುಸ್ತಕದ ಕಟ್ಟು ಪೋಸ್ಟ್‌ಮ್ಯಾನ್ ಕೈಯಲ್ಲಿ ಮನೆಗೆ ಬರುತ್ತದೆ. ಹಣ ಎಣಿಸಿಕೊಟ್ಟರೆ ಕಟ್ಟು ಕೈಗೆ ಸಿಗುತ್ತದೆ. ಆ ಹಣ ಮನಿಯಾರ್ಡರ್ ಆಗಿ ಪ್ರಕಾಶಕನಿಗೆ ಸೇರುತ್ತದೆ. ‘ಮನೆಯಲ್ಲಿ ಯಜಮಾನರಿಲ್ಲ’ ಎಂದು ವಾಪಸು ಕಳಿಸಿದರೆ ಹೋಗಿ ಬಂದ ಅಂಚೆ ಖರ್ಚು ಪ್ರಕಾಶಕನ ತಲೆಯ ಮೇಲೆ. 2010ರಲ್ಲಿ ಫ್ಲಿಪ್‌ಕಾರ್ಟ್ ‘ಕ್ಯಾಶ್ ಆನ್ ಡೆಲಿವರಿ’ ತಂದಾಗ ದೇಶವೆಲ್ಲ ಹೊಸ ಉಪಾಯವೆಂದು ಬೆರಗಾಯಿತು. ಅದು ನಮ್ಮ ಅಜ್ಜಂದಿರ ವಿಪಿಪಿಯೇ; ಸರಕು ಬೇಡವೆಂದು ಮರಳಿ ಬಂದರೆ ಮಾರಿದವನಿಗೆ ಬೀಳುವ ಪೆಟ್ಟೂ ಅದೇ.

ಮೂರನೆಯ ಮಾದರಿ ಚಂದಾ. 1933ರಲ್ಲಿ ಧಾರವಾಡದಲ್ಲಿ ಶುರುವಾದ ಮನೋಹರ ಗ್ರಂಥಮಾಲೆಗೆ ಆಧಾರವಾದದ್ದು ಚಂದಾದಾರರ ಪಟ್ಟಿ. ವರ್ಷದ ಚಂದಾ ಕಟ್ಟಿದವರಿಗೆ ಆ ವರ್ಷದ ಪುಸ್ತಕಗಳು ಮನೆಗೆ ಬರುತ್ತಿದ್ದವು. ಯಾವ ಪುಸ್ತಕ ಎಂದು ಆರಿಸುತ್ತಿದ್ದವರು ಮಾಲೆಯನ್ನು ನಡೆಸುತ್ತಿದ್ದ ಜಿ.ಬಿ. ಜೋಶಿಯವರು ಮತ್ತು ಅವರ ‘ಅಟ್ಟ’ದಲ್ಲಿ ಸೇರುತ್ತಿದ್ದ ಗೆಳೆಯರು. ಗಿರೀಶ ಕಾರ್ನಾಡರೆಂಬ ಹೊಸ ಹುಡುಗನ ‘ಯಯಾತಿ’ 1961ರಲ್ಲಿ ಬೆಳಕು ಕಂಡದ್ದು ಅಲ್ಲಿಂದಲೇ. ಹೆಸರೇ ಕೇಳದ ಲೇಖಕನ ನಾಟಕಕ್ಕೂ ಅಂಥ ಪಟ್ಟಿಯಿಂದಾಗಿ ಓದುಗರು ಮೊದಲೇ ಸಿದ್ಧರಿರುತ್ತಿದ್ದರು. ಆರಿಸುವವರ ಮೇಲೆ ನಂಬಿಕೆ ಇದ್ದದ್ದರಿಂದ ನಡೆದ ವ್ಯಾಪಾರ ಇದು.

ಕಪಾಟಿನ ಕಾಲ

ಅಂಗಡಿಗಳ ಭರಾಟೆ ಆಮೇಲಿನದು. ಬೆಂಗಳೂರಿನ ಬಳೇಪೇಟೆ, ಚಿಕ್ಕಪೇಟೆ, ಅವೆನ್ಯೂ ರಸ್ತೆಗಳಲ್ಲಿ ಪುಸ್ತಕ ವ್ಯಾಪಾರ ಬೇರುಬಿಟ್ಟಿತು. ದಂಡಿನ ಕಡೆ 1945ರಲ್ಲಿ ಸೆಲೆಕ್ಟ್ ಬುಕ್ ಶಾಪ್, 1967ರಲ್ಲಿ ಗಾಂಧಿನಗರದಲ್ಲಿ ಸಪ್ನಾ, 1971ರಲ್ಲಿ ಕುಂದಾಪುರ ಮೂಲದ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬಂದವು. ಪ್ರೀಮಿಯರ್‌ನಲ್ಲಿ ಪುಸ್ತಕಗಳು ನೆಲದಿಂದ ಎದೆಯೆತ್ತರಕ್ಕೆ ಅಡ್ಡಾದಿಡ್ಡಿ ರಾಶಿ ಬಿದ್ದಿರುತ್ತಿದ್ದವು. ಗಿರಾಕಿಗೆ ಅದು ಗೋಜಲು. ಶಾನಭಾಗರಿಗೆ ಯಾವ ರಾಶಿಯ ಯಾವ ಮೂಲೆಯಲ್ಲಿ ಯಾವುದಿದೆ ಎಂಬುದು ಬಾಯಿಪಾಠ. ಗುರುತಿನವರಿಗೆ ಕೇಳದೆಯೇ ಬೆಲೆಯಲ್ಲಿ ಕಡಿತವೂ ಸಿಗುತ್ತಿತ್ತು. 2009ರಲ್ಲಿ ಅಂಗಡಿ ಮುಚ್ಚಿದಾಗ ಆನ್‌ಲೈನ್ ವ್ಯಾಪಾರ ಇನ್ನೂ ಅಂಬೆಗಾಲಿಡುತ್ತಿತ್ತು. ಜಾಗದ ಗುತ್ತಿಗೆ ಮುಗಿದಿತ್ತು, ಶಾನಭಾಗರಿಗೆ ವಯಸ್ಸಾಗಿತ್ತು. ಪುಸ್ತಕದಂಗಡಿ ಸಾಯುವುದಕ್ಕೆ ಬಾಡಿಗೆಯೊಂದೇ ಸಾಕು ಎಂಬುದನ್ನು ಬೆಂಗಳೂರು ಆಗಲೇ ಕಂಡಿತ್ತು.

ಹಾಗೆಯೇ, ಅಂತರ್ಜಾಲದ ಕಾಲದಲ್ಲೇ ಬೆಳೆದ ಅಂಗಡಿಗಳೂ ಇವೆ. ಎಂಜಿನಿಯರಿಂಗ್ ಓದುತ್ತಲೇ ಎಂ.ಜಿ. ರಸ್ತೆಯ ಪಾದಚಾರಿ ಮಾರ್ಗದಲ್ಲಿ ಹಳೆಯ ಪುಸ್ತಕ ಮಾರುತ್ತಿದ್ದ ಮಾಯಿಗೌಡರು 2000ರ ದಶಕದ ಆರಂಭದಲ್ಲಿ ಚರ್ಚ್ ಸ್ಟ್ರೀಟ್‌ನಲ್ಲಿ ಬ್ಲಾಸಮ್ ತೆರೆದರು. ಇಂದು ಆ ಬೀದಿಗೆ ಜನ ಹೋಗುವುದೇ ಬ್ಲಾಸಮ್ ಮತ್ತು ಬುಕ್‌ವರ್ಮ್‌ಗಳಿಗಾಗಿ ಎನ್ನುವಂತಾಗಿದೆ. ಇವರನ್ನು ಉಳಿಸಿದ್ದು ಹಳೆಯ ಪುಸ್ತಕ. ಒಂದೊಂದೇ ಪ್ರತಿ ಇರುವ, ಯಾರದೋ ಹೆಸರು ಬರೆದಿರುವ ಪುಸ್ತಕಗಳನ್ನು ಪಟ್ಟಿ ಮಾಡಿ, ಫೋಟೊ ತೆಗೆದು ಆನ್‌ಲೈನ್‌ನಲ್ಲಿ ಏರಿಸುವ ಖರ್ಚು ಬಹಳ ಸಲ ಅದರ ಬೆಲೆಯನ್ನೇ ಮೀರುತ್ತದೆ. ಗಿರಾಕಿಯೇ ಬಂದು ಕೆದಕಿ ಹುಡುಕಿಕೊಂಡರೆ ಆ ಖರ್ಚು ಉಳಿಯಿತು.

ರಿಯಾಯಿತಿ ಯಾರ ಜೇಬಿನಿಂದ?

ಬೆಂಗಳೂರಿನಲ್ಲಿ ಆನ್‌ಲೈನ್ ಪ್ರಯೋಗ ಮೊದಲು ಮಾಡಿದ್ದೂ ಫ್ಲಿಪ್‌ಕಾರ್ಟ್ ಅಲ್ಲ. 1999ರಲ್ಲೇ ಇಲ್ಲಿ ಫ್ಯಾಬ್‌ಮಾರ್ಟ್ ಹುಟ್ಟಿ, ಸಂಗೀತದ ಸಿ.ಡಿ.ಗಳಿಂದ ಆರಂಭಿಸಿ ಪುಸ್ತಕ, ದಿನಸಿಗಳನ್ನೂ ಮಾರಿತು. ಕಾರ್ಡಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಒಪ್ಪಿಸಲು ಜನ ಅಂಜುತ್ತಿದ್ದ ಕಾಲ ಅದು. ಸ್ಥಾಪಕರು ಕೊನೆಗೆ ದಿನಸಿಯ ನಿಜ ಅಂಗಡಿಗಳನ್ನೇ ತೆರೆದರು; ಆ ಅಂಗಡಿಗಳು ಮುಂದೆ ಬಿರ್ಲಾ ಸಮೂಹದ ಪಾಲಾದವು. ಅದೇ ತಂಡದವರು 2011ರಲ್ಲಿ ಬಿಗ್‌ಬಾಸ್ಕೆಟ್ ಕಟ್ಟಿದರು. 2013ರ ಜೂನ್‌ನಲ್ಲಿ ಅಮೆಜಾನ್ ಭಾರತಕ್ಕೆ ಬಂತು. ಅದೂ ಮೊದಲು ಇಟ್ಟ ಸರಕು ಪುಸ್ತಕ ಮತ್ತು ಸಿನಿಮಾ ಡಿಸ್ಕು. ಅಲ್ಲಿಂದ ಶುರುವಾಯಿತು ರಿಯಾಯಿತಿಯ ಜಿದ್ದು.

ಲೆಕ್ಕ ಹಾಕಿ ನೋಡೋಣ. ಮುಖಬೆಲೆ ₹300ರ ಪುಸ್ತಕ. ಮಾರುವವನಿಗೆ ಶೇ 35 ಕಮಿಷನ್ ಎಂದಿಟ್ಟುಕೊಂಡರೆ ₹105. ಅಂಗಡಿಯವರು ಗಿರಾಕಿಗೆ ಶೇ 10 ಬಿಟ್ಟರೆ ಉಳಿಯುವುದು ₹75. ಬಾಡಿಗೆ, ಹುಡುಗರ ಸಂಬಳ, ಕರೆಂಟು, ಮಾರಾಟವಾಗದೆ ದೂಳು ತಿನ್ನುವ ಪುಸ್ತಕಗಳ ಹೊರೆ ಎಲ್ಲ ಇದರಲ್ಲೇ ಆಗಬೇಕು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ನಿಜ. ಆ ಕಾರಣಕ್ಕೇ ಅಂಗಡಿಯ ಬಾಡಿಗೆಯ ಮೇಲೆ ಕಟ್ಟಿದ ಶೇ 18ರ ಜಿಎಸ್‌ಟಿಯನ್ನು ಮಾರಾಟದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಲೂ ಬರುವುದಿಲ್ಲ. ಇನ್ನು ಅದೇ ಪುಸ್ತಕ ಆನ್‌ಲೈನ್‌ನಲ್ಲಿ ಶೇ 30ರ ರಿಯಾಯಿತಿಗೆ ಸಿಕ್ಕರೆ ಮಾರಿದವನ ಕೈಯಲ್ಲಿ ಉಳಿಯುವುದು ₹15. ಅಷ್ಟರಲ್ಲಿ ರಟ್ಟಿನ ಡಬ್ಬಿ, ಕೊರಿಯರ್, ಬೈಕಿನ ಪೆಟ್ರೋಲು ಯಾವುದೂ ಗಿಟ್ಟುವುದಿಲ್ಲ. ಒಂದೋ ಹೂಡಿಕೆದಾರನ ಹಣ ಕರಗುತ್ತಿರಬೇಕು, ಇಲ್ಲವೇ ಪ್ರಕಾಶಕನನ್ನು ಹಿಂಡಿ ಹೆಚ್ಚಿನ ಕಮಿಷನ್ ಕಿತ್ತಿರಬೇಕು.

ವಿದೇಶಿ ಬಂಡವಾಳದ ಮಾರುಕಟ್ಟೆ ತಾಣಗಳು ಸರಕಿನ ಬೆಲೆಯ ಮೇಲೆ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಪ್ರಭಾವ ಬೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿತು; 2019ರ ಫೆಬ್ರುವರಿಯಿಂದ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಅಂಗಡಿಯವರ ದೂರು ಮಾತ್ರ ನಿಂತಿಲ್ಲ. ಫ್ರಾನ್ಸ್ 1981ರಲ್ಲೇ ಹೊಸ ಪುಸ್ತಕಕ್ಕೆ ಶೇ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡುವಂತಿಲ್ಲ ಎಂದು ಕಾನೂನು ಮಾಡಿತು. ನಮ್ಮಲ್ಲಿ ಅಂಥ ಕಾನೂನಿಲ್ಲ. ಹಾಗಾಗಿ ತೀರ್ಮಾನ ಗಿರಾಕಿಯ ಕೈಗೇ ಬಂದಿದೆ.

ಕೌಂಟರಿನಲ್ಲಿ ನಡೆಯುವುದು

ಕನ್ನಡ ಪುಸ್ತಕದಂಗಡಿಯೊಂದರಲ್ಲಿ ಅರ್ಧ ಗಂಟೆ ನಿಂತರೆ ಎರಡು ಬಗೆಯ ಗಿರಾಕಿಗಳು ಸಿಗುತ್ತಾರೆ. ಒಬ್ಬರು ಪುಸ್ತಕ ಎತ್ತಿ, ಬೆನ್ನುಡಿ ಓದಿ, ಮೊಬೈಲಿನಲ್ಲಿ ಫೋಟೊ ತೆಗೆದು, ‘ಆಮೇಲೆ ಬರ್ತೀನಿ’ ಎಂದು ಹೋಗುತ್ತಾರೆ. ಆ ಫೋಟೊ ಯಾಕೆ ಎಂದು ಅಂಗಡಿಯವರಿಗೆ ಗೊತ್ತು, ಕೇಳುವುದಿಲ್ಲ. ಇನ್ನೊಬ್ಬರು ನೇರ ಕೌಂಟರಿಗೆ ಬರುತ್ತಾರೆ.

‘ತೇಜಸ್ವಿ ಎಲ್ಲಾ ಓದಾಯ್ತು ಸಾರ್. ಆ ಥರದ್ದು ಬೇರೆ ಏನಿದೆ?’

‘ಬಿ.ಜಿ.ಎಲ್. ಸ್ವಾಮಿ ಓದಿದ್ದೀರಾ? “ಹಸುರು ಹೊನ್ನು” ತಗೊಂಡು ಹೋಗಿ. ಹಿಡಿಸ್ಲಿಲ್ಲ ಅಂದ್ರೆ ತಂದು ಕೊಡಿ, ಬೇರೆ ಕೊಡ್ತೀನಿ.’

ಕಾಡು ಮೇಡು ಅಲೆದು ನಗುತ್ತಾ ನಗಿಸುತ್ತಾ ಬರೆದ ಸಸ್ಯವಿಜ್ಞಾನಿಯನ್ನು ತೇಜಸ್ವಿ ಓದುಗನಿಗೆ ದಾಟಿಸಲು ಎರಡನ್ನೂ ಓದಿದವರು ಬೇಕು. ಆ್ಯಪ್ ಹೇಳುವುದು ‘ಇದನ್ನು ಕೊಂಡವರು ಇದನ್ನೂ ಕೊಂಡರು’ ಎಂದು; ತೇಜಸ್ವಿ ಪುಸ್ತಕದ ಕೆಳಗೆ ಅದು ತೋರಿಸುವುದು ಬಹುಮಟ್ಟಿಗೆ ತೇಜಸ್ವಿಯ ಬೇರೆ ಪುಸ್ತಕಗಳನ್ನೇ. ಅದರಲ್ಲೂ ಐಎಸ್‌ಬಿಎನ್ ಇಲ್ಲದ ಹಳೆಯ ಕನ್ನಡ ಪುಸ್ತಕಗಳು ದೊಡ್ಡ ತಾಣಗಳ ಪಟ್ಟಿಗೆ ಸೇರುವುದೇ ಕಷ್ಟ.

ಆದರೆ ಕೌಂಟರಿನ ಈ ಸುಖ ಎಷ್ಟು ಊರುಗಳಿಗಿದೆ? ಬಹುಪಾಲು ತಾಲ್ಲೂಕು ಕೇಂದ್ರಗಳಲ್ಲಿ ‘ಬುಕ್ ಸ್ಟಾಲ್’ ಎಂದರೆ ನೋಟ್‌ಬುಕ್ಕು, ಗೈಡು, ಜೆರಾಕ್ಸು. ಅಲ್ಲಿಯ ಓದುಗನ ಮುಂದೆ ‘ಅಂಗಡಿಯೋ ಆನ್‌ಲೈನೋ’ ಎಂಬ ಪ್ರಶ್ನೆಯೇ ಏಳುವುದಿಲ್ಲ. ಮನೆಗೆ ಬಂದರೆ ಪುಸ್ತಕ, ಬಾರದಿದ್ದರೆ ಇಲ್ಲ.

ಮತ್ತೆ ಅಂಚೆಗೆ

ಆ ಓದುಗನನ್ನು ಈಗ ಮುಟ್ಟುತ್ತಿರುವವರು ಸಣ್ಣ ಪ್ರಕಾಶಕರು. ಹೊಸ ಪುಸ್ತಕದ ಮುಖಪುಟ ವಾಟ್ಸ್‌ಆ್ಯಪ್ ಗುಂಪಿಗೋ ಫೇಸ್‌ಬುಕ್ಕಿಗೋ ಬೀಳುತ್ತದೆ, ಜೊತೆಗೆ ಹಣ ಕಳಿಸುವ ಕ್ಯೂಆರ್ ಕೋಡು. ದುಡ್ಡು ಹಾಕಿದ ಸ್ಕ್ರೀನ್‌ಶಾಟಿನ ಹಿಂದೆಯೇ ವಿಳಾಸ ಬರುತ್ತದೆ, ಪಿನ್‌ಕೋಡ್ ಮರೆತಿದ್ದರೆ ಇನ್ನೊಂದು ಸುತ್ತು ಮಾತುಕತೆ. ಸಂಜೆ ಕಂದು ಕಾಗದ, ಟೇಪು ಹಿಡಿದು ಮನೆಮಂದಿಯೆಲ್ಲ ಕಟ್ಟು ಕಟ್ಟುತ್ತಾರೆ. ಕೆಲವರು ‘ಲೇಖಕರ ಸಹಿ ಬೇಕು’ ಎನ್ನುತ್ತಾರೆ. ಆ ಕಟ್ಟು ಎರಡು ದಿನ ತಡ. ಮುದ್ರಿತ ಪುಸ್ತಕದ ಜೊತೆ ಇ–ಪುಸ್ತಕ, ಆಡಿಯೊ ಪುಸ್ತಕಗಳನ್ನೂ ಕೊಡುವ ಮೈಲ್ಯಾಂಗ್‌ನಂಥ ಕನ್ನಡದ್ದೇ ತಾಣ, ಸಪ್ನಾ, ನವಕರ್ನಾಟಕದಂಥ ಅಂಗಡಿಗಳದೇ ಆನ್‌ಲೈನ್ ಮಳಿಗೆಗಳು ಈ ಸಾಲಿಗೆ ಸೇರಿವೆ. ‘ಸ್ಥಳೀಯ’ ಮತ್ತು ‘ಆನ್‌ಲೈನ್’ ಎರಡು ಪಾಳೆಯಗಳೆಂಬ ಮಾತು ಇಲ್ಲಿಗೆ ಹಳತಾಯಿತು.

ಇವರೆಲ್ಲರ ಬದುಕು ನಿಂತಿರುವುದು ಅಂಚೆಯ ದರದ ಮೇಲೆ. ಪುಸ್ತಕಕ್ಕೆಂದೇ ಅಗ್ಗವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು 2024ರ ಡಿಸೆಂಬರಿನಲ್ಲಿ ಇಲಾಖೆ ಇದ್ದಕ್ಕಿದ್ದಂತೆ ನಿಲ್ಲಿಸಿದಾಗ ಸಣ್ಣ ಪ್ರಕಾಶಕರು ಕಂಗಾಲಾದರು. ದೂರುಗಳ ಮೇಲೆ ದೂರು ಹೋದವು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂತು: 300 ಗ್ರಾಂವರೆಗೆ ₹20, 5 ಕಿಲೋವರೆಗೆ ₹100, ಮೇಲೆ ತೆರಿಗೆ. ದೊಡ್ಡ ಕಂಪನಿಯ ಸ್ವಂತ ಸಾಗಣೆ ಜಾಲಕ್ಕೆ ಇದರಿಂದ ಏನೂ ಆಗದು. ₹150ರ ಕವನ ಸಂಕಲನ ಯಾದಗಿರಿಗೆ ಹೋಗಬಹುದೇ ಎಂಬುದನ್ನು ಮಾತ್ರ ಈ ಅಂಕಿಗಳೇ ನಿರ್ಧರಿಸುತ್ತವೆ. ಸ್ಥಳೀಯ ವ್ಯಾಪಾರ ಉಳಿಸಿ ಎಂದು ಓದುಗರಿಗೆ ಕರೆಕೊಡುವ ಸರ್ಕಾರ ಮೊದಲು ತನ್ನ ಅಂಚೆ ಕೌಂಟರಿನ ದರಪಟ್ಟಿ ನೋಡಿಕೊಳ್ಳುವುದು ಒಳಿತು.

ಹಾಗಾದರೆ ಗಿರಾಕಿ ಎಲ್ಲಿ ಕೊಳ್ಳಬೇಕು? ಅಗ್ಗಕ್ಕೆ ಆಸೆಪಡುವುದು ಪಾಪವೇನಲ್ಲ. ಸಂಬಳದಲ್ಲಿ ಪುಸ್ತಕಕ್ಕೆಂದು ನಾಲ್ಕು ಕಾಸು ಎತ್ತಿಡುವವನಿಗೆ ₹300ರ ಪುಸ್ತಕದ ಮೇಲೆ ಉಳಿಯುವ ₹90 ದೊಡ್ಡದೇ. ಆದರೂ ಒಂದು ಸರಳ ನಿಯಮ ಇಟ್ಟುಕೊಳ್ಳಬಹುದು: ಪುಸ್ತಕದ ಹೆಸರನ್ನು ನಿಮಗೆ ಯಾರು ಮುಟ್ಟಿಸಿದರೋ ಅವರ ಬಳಿಯೇ ಕೊಳ್ಳಿ. ವಾಟ್ಸ್‌ಆ್ಯಪಿನಲ್ಲಿ ಪ್ರಕಾಶಕರು ತಿಳಿಸಿದ್ದರೆ ಅವರಿಗೇ ದುಡ್ಡು ಹಾಕಿ. ಆ್ಯಪ್ ತೋರಿಸಿದ್ದರೆ ಅಲ್ಲೇ ಒತ್ತಿ, ಅದರ ಕೂಲಿ ಅದಕ್ಕೆ ಸಲ್ಲಲಿ. ಅಂಗಡಿಯ ಕಪಾಟಿನಲ್ಲಿ ಕೈಗೆ ಸಿಕ್ಕಿದ್ದರೆ, ಮೊಬೈಲು ಜೇಬಿನಲ್ಲಿಟ್ಟು ಅಲ್ಲೇ ಬಿಲ್ ಮಾಡಿಸಿ. ₹90 ಉಳಿಸಲು ಅಂಗಡಿಯನ್ನು ಬರೀ ಪ್ರದರ್ಶನದ ಕಪಾಟು ಮಾಡಿಕೊಂಡರೆ, ತೇಜಸ್ವಿ ಮುಗಿದ ಮೇಲೆ ಏನು ಓದಬೇಕೆಂದು ಹೇಳುವವರಿಗೆ ನಾವು ಸಂಬಳ ಕೊಡದೆ ದುಡಿಸಿಕೊಂಡ ಹಾಗೆ. ಹಾಗೆ ಯಾರೂ ಬಹಳ ದಿನ ದುಡಿಯುವುದಿಲ್ಲ.